ಹೊಟ್ಟೆಯಡಿಯ ಬಿಸಿ: ಹಾವು ಸಾಕಿರುವವರಿಗೆ ಒಂದು ಬಹಿರಂಗ ಪತ್ರ

ಅಮೆರಿಕ, ಬ್ರಿಟನ್, ಯುರೋಪುಗಳಲ್ಲಿ ಮನೆಯಲ್ಲಿ ಹಾವು ಸಾಕಿರುವ ಕನ್ನಡಿಗರಿಗೂ, ನಾಡಿನಲ್ಲೇ ಇದ್ದು ಕಾನೂನುಬದ್ಧವಾಗಿ ವಿದೇಶಿ ಹಾವು ಸಾಕಿರುವವರಿಗೂ,

ಸಾಕುಹಾವಿನ ಮೈ ಬೆಂಕಿಯಿಂದ ಸುಡುವುದು ಅಪರೂಪ. ಹೆಚ್ಚಿನ ಸಂದರ್ಭಗಳಲ್ಲಿ ಅದರ ಹಿತಕ್ಕೆಂದೇ ಇಟ್ಟ ಶಾಖದ ಸಾಧನವೇ ಅದನ್ನು ಸುಡುತ್ತದೆ. ಗಾಜಿನ ಪೆಟ್ಟಿಗೆಯ ಅಡಿಗೆ ಅಂಟಿಸಿದ ಹೀಟ್ ಮ್ಯಾಟ್, ಜಾಲರಿಯಿಲ್ಲದೆ ಒಳಗೆ ತೂಗುಬಿಟ್ಟ ಬಲ್ಬು, ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರ್, ವಿದ್ಯುತ್ತಿನಿಂದ ಕಾಯುವ ‘ಹಾಟ್ ರಾಕ್’ ಎಂಬ ಕೃತಕ ಕಲ್ಲು ಇವುಗಳೇ ಮುಖ್ಯ ಕಾರಣಗಳು. ಗಾಯದ ಮೂಲ ಮನೆಯೊಳಗೇ ಇರುವುದರಿಂದ ಅದನ್ನು ಬೇಗ ಗುರುತಿಸುವುದೂ ಮತ್ತೆ ಆಗದಂತೆ ತಡೆಯುವುದೂ ಸಾಕುವವರ ಕೈಯಲ್ಲೇ ಇದೆ.

ಮನೆಗಳಲ್ಲಿ ಹೆಚ್ಚಾಗಿ ಸಾಕುವ ಹಾವುಗಳಲ್ಲಿ ಬಾಲ್ ಪೈಥಾನ್ ಒಂದು. ಬ್ರಿಟನ್ನಿನಲ್ಲಿ ಇದಕ್ಕೆ ರಾಯಲ್ ಪೈಥಾನ್ ಎನ್ನುತ್ತಾರೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲುಗಳ ಈ ಪುಟ್ಟ ಹೆಬ್ಬಾವು ಹಗಲನ್ನು ಇಲಿ, ಹೆಗ್ಗಣಗಳು ಬಿಟ್ಟುಹೋದ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಕಳೆಯುತ್ತದೆ. ಅಲ್ಲಿನ ಬಿಸಿ ಮಣ್ಣಿನ ತುಂಬ ಹರಡಿರುತ್ತದೆ, ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಹಾವಿಗೆ ತನ್ನ ಮೈಬಿಸಿಯನ್ನು ತಾನೇ ಉಂಟುಮಾಡಿಕೊಳ್ಳುವ ಶಕ್ತಿಯಿಲ್ಲ, ಬಿಸಿ ಇರುವ ಕಡೆಗೆ ಅದೇ ಹೋಗಬೇಕು. ಪೆಟ್ಟಿಗೆಯ ಗಾಳಿಯೆಲ್ಲ ತಣ್ಣಗಿದ್ದು ಒಂದೇ ಜಾಗ ಕಾದಿದ್ದರೆ ಹಾವು ಅಲ್ಲೇ ಸುರುಳಿ ಸುತ್ತುತ್ತದೆ. ಒಳಮೈ ಇನ್ನೂ ಬೆಚ್ಚಗಾಗದ ಕಾರಣ ಜಾಗ ಬಿಟ್ಟು ಏಳುವುದಿಲ್ಲ. ಅಷ್ಟರಲ್ಲಿ ಹೊಟ್ಟೆಯ ಚರ್ಮ ಬೆಂದಿರುತ್ತದೆ. ಈ ಹಾವಿನ ತುಟಿಯಂಚಿನ ಕುಳಿಗಳು ಕತ್ತಲಲ್ಲೂ ಇಲಿಯ ಮೈಬಿಸಿಯನ್ನು ಪತ್ತೆಹಚ್ಚುತ್ತವೆ. ಅಷ್ಟು ಸೂಕ್ಷ್ಮವಾದ ಜೀವಿಯೂ ಹೊಟ್ಟೆಯಡಿಯ ಬಿಸಿಯಿಂದ ಸರಿದುಕೊಳ್ಳದೆ ಸುಟ್ಟುಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ‘ಬಿಸಿ ಹೆಚ್ಚಾದರೆ ಹಾವು ತಾನೇ ಜರುಗುತ್ತದೆ’ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು.

ಒಂದು ಪೆಟ್ಟಿಗೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಚಳಿಗಾಲದ ರಾತ್ರಿ, ಕೋಣೆಯ ತಾಪ 18 ಡಿಗ್ರಿ ಸೆಲ್ಸಿಯಸ್. ಗಾಜಿನ ಕೆಳಗೆ ಮ್ಯಾಟ್, ಗಾಜಿನ ಮೇಲೆ ಎರಡು ಅಂಗುಲ ದಪ್ಪಕ್ಕೆ ಮರದ ತೊಗಟೆಯ ಚೂರು. ಚೂರಿನ ಮೇಲಿಟ್ಟ ತಾಪಮಾಪಕ 31 ಡಿಗ್ರಿ ತೋರಿಸುತ್ತಿದೆ. ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹಾವು ಮಾತ್ರ ಚೂರುಗಳನ್ನು ಮೂತಿಯಿಂದ ಬದಿಗೆ ತಳ್ಳಿ, ಕೆಳಗಿಳಿದು, ಬರಿಗಾಜಿಗೆ ಹೊಟ್ಟೆಯೊತ್ತಿ ಮಲಗಿದೆ. ಆ ಗಾಜಿನ ತಾಪ 45 ಡಿಗ್ರಿ ದಾಟಿರಬಹುದು. ತಾಪ ಅಳೆದು ವಿದ್ಯುತ್ ನಿಯಂತ್ರಿಸುವ ಥರ್ಮೋಸ್ಟಾಟಿನ ಸೆನ್ಸರ್ ತಂತಿ ಜರುಗಿ ನೀರಿನ ಬಟ್ಟಲಿನ ಪಕ್ಕ ಬಿದ್ದಿದ್ದರೆ ಅಪಾಯ ಇಮ್ಮಡಿ. ಅದು ತಣ್ಣನೆಯ ಮೂಲೆಯನ್ನು ಅಳೆಯುತ್ತ, ಇನ್ನೂ ಬಿಸಿ ಸಾಲದೆಂದು ರಾತ್ರಿಯಿಡೀ ಮ್ಯಾಟಿಗೆ ವಿದ್ಯುತ್ ಹರಿಸುತ್ತಲೇ ಇರುತ್ತದೆ.

ಚರ್ಮ ಸುಡಲು ಕುದಿಯುವ ಬಿಸಿ ಬೇಕಿಲ್ಲ. ಎಷ್ಟು ಬಿಸಿ ಎಂಬುದರಷ್ಟೇ ಎಷ್ಟು ಹೊತ್ತು ಎಂಬುದೂ ಮುಖ್ಯ. ಹಂದಿಯ ಮತ್ತು ಮನುಷ್ಯರ ಚರ್ಮದ ಮೇಲೆ ಮೊರಿಟ್ಜ್ ಮತ್ತು ಹೆನ್ರಿಕ್ಸ್ ನಡೆಸಿ 1947ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. 60 ಡಿಗ್ರಿಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಸುಡುವ ಚರ್ಮ 44 ಡಿಗ್ರಿಯಲ್ಲೂ ಸುಮಾರು 6 ಗಂಟೆಗಳಲ್ಲಿ ಸುಡುತ್ತದೆ. ಹಾವಿನ ಚರ್ಮಕ್ಕೆ ಇದೇ ಅಂಕಿಗಳು ಹೊಂದಬೇಕೆಂದಿಲ್ಲ, ಆದರೆ ನಿಯಮ ಅದಕ್ಕೂ ಅನ್ವಯಿಸುತ್ತದೆ. ಅಂಗೈ ಕ್ಷಣಹೊತ್ತು ಸಲೀಸಾಗಿ ತಾಳಿಕೊಳ್ಳುವ ಬಿಸಿ, ಅದರ ಮೇಲೆ ರಾತ್ರಿಯಿಡೀ ಮಲಗುವ ಹಾವಿಗೆ ಗಾಯ ಮಾಡಬಲ್ಲದು. ಕೈಯಿಟ್ಟು ನೋಡುವುದು ಅಳತೆಯಾಗುವುದಿಲ್ಲ.

ಗಾಯವನ್ನು ಗುರುತಿಸಲು ಹಾವಿನ ಚರ್ಮದ ರಚನೆ ತಿಳಿದಿರಬೇಕು. ಮೀನಿನ ಹುರುಪೆಯನ್ನು ಒಂದೊಂದಾಗಿ ಕೀಳಬಹುದು. ಹಾವಿನದು ಹಾಗಲ್ಲ. ಅದರ ಮೇಲ್ಚರ್ಮವೇ ಅಲ್ಲಲ್ಲಿ ದಪ್ಪಗಟ್ಟಿ ಹುರುಪೆಯಾಗಿದೆ, ನಡುವೆ ತೆಳುವಾಗಿ ಮಡಿಕೆಯಾಗಿದೆ. ಆದ್ದರಿಂದ ಹುರುಪೆ ಸುಟ್ಟಿತೆಂದರೆ ಚರ್ಮವೇ ಸುಟ್ಟಂತೆ. ಮೇಲ್ಪದರದಲ್ಲಿ ನಮ್ಮ ಉಗುರಿನಲ್ಲಿರುವಂಥ ಕೆರಾಟಿನ್ ಇದೆ. ಅದರ ಕೆಳಗಿನ ಒಳಚರ್ಮದಲ್ಲಿ ರಕ್ತನಾಳ, ನರ, ಬಣ್ಣದ ಕೋಶಗಳಿವೆ. ಮೈಯ ನೀರು ಆರಿಹೋಗದಂತೆ ಕಾಯುವುದು, ರೋಗಾಣುಗಳನ್ನು ಹೊರಗಿಡುವುದು ಈ ಚರ್ಮದ ಎರಡು ದೊಡ್ಡ ಕೆಲಸಗಳು. ಸುಟ್ಟಗಾಯದಲ್ಲಿ ಎರಡೂ ಒಟ್ಟಿಗೆ ನಿಂತುಹೋಗುತ್ತವೆ.

ಆಳಕ್ಕೆ ತಕ್ಕಂತೆ ಗಾಯದ ರೂಪ ಬದಲಾಗುತ್ತದೆ. ಮೇಲ್ಪದರ ಮಾತ್ರ ಸುಟ್ಟಿದ್ದರೆ ಹುರುಪೆಗಳು ನಸುಗೆಂಪಾಗುತ್ತವೆ ಅಥವಾ ಬಣ್ಣ ಮಾಸುತ್ತವೆ, ಸ್ವಲ್ಪ ಊತ ಇರಬಹುದು, ಚರ್ಮ ಒಡೆದಿರುವುದಿಲ್ಲ. ಒಳಚರ್ಮದವರೆಗೆ ಸುಟ್ಟಿದ್ದರೆ ನೀರುಗುಳ್ಳೆಗಳು ಏಳುತ್ತವೆ, ಹುರುಪೆಗಳ ನಡುವಿನಿಂದ ತಿಳಿಯಾದ ಅಥವಾ ಹಳದಿ ದ್ರವ ಜಿನುಗುತ್ತದೆ, ಮುಟ್ಟಿದರೆ ಹಾವು ಬೆಚ್ಚಿ ಮೈ ಎಳೆದುಕೊಳ್ಳುತ್ತದೆ. ಚರ್ಮದ ಪೂರ್ತಿ ದಪ್ಪ ಸುಟ್ಟಿದ್ದರೆ ಆ ಜಾಗ ಬಿಳಿಚಿಕೊಂಡೋ ಕಂದು, ಕಪ್ಪಾಗಿಯೋ ಒಣಗಿದ ತೊಗಲಿನಂತೆ ಬಿರುಸಾಗುತ್ತದೆ, ಹುರುಪೆಗಳು ಕಳಚಿ ಬೀಳುತ್ತವೆ. ನರಗಳೇ ಸತ್ತಿರುವುದರಿಂದ ಅಲ್ಲಿ ಮುಟ್ಟಿದರೂ ಹಾವು ಅಲುಗದೆ ಇರಬಹುದು. ನೋವಿಲ್ಲವೆಂದು ಸಮಾಧಾನಪಟ್ಟುಕೊಳ್ಳುವ ಸ್ಥಿತಿ ಅದಲ್ಲ. ಇನ್ನೂ ಆಳಕ್ಕೆ ಹೋದ ಗಾಯದಲ್ಲಿ ಸ್ನಾಯು, ಪಕ್ಕೆಲುಬುಗಳವರೆಗೆ ಹಾನಿಯಾಗಿರುತ್ತದೆ.

ಮೊದಲ ದಿನ ಕಂಡದ್ದೇ ಗಾಯದ ಪೂರ್ತಿ ಅಳತೆಯೆಂದು ತಿಳಿಯಬಾರದು. ಬೆಳಗ್ಗೆ ಬರೀ ಗುಲಾಬಿ ಬಣ್ಣದ ಪಟ್ಟಿಯಂತೆ ಕಂಡ ಜಾಗ ಎರಡು ಮೂರು ದಿನಗಳಲ್ಲಿ ಗುಳ್ಳೆಯೆದ್ದು, ವಾರದ ಹೊತ್ತಿಗೆ ಕಪ್ಪಾಗಿ, ಆಮೇಲೆ ಕಳಚಿಕೊಳ್ಳಬಹುದು. ಬಿಸಿ ತಾಗಿದೆ ಎಂಬ ಸಂಶಯವಿದ್ದರೆ ಕನಿಷ್ಠ ಎರಡು ವಾರ ದಿನವೂ ಹೊಟ್ಟೆಯ ಭಾಗ ನೋಡಬೇಕು. ಒಂದೇ ಬೆಳಕಿನಲ್ಲಿ ದಿನಕ್ಕೊಂದು ಫೋಟೊ ತೆಗೆದಿಟ್ಟರೆ ಬದಲಾವಣೆ ಕಣ್ಣಿಗೆ ಬೀಳುತ್ತದೆ, ವೈದ್ಯರಿಗೂ ಉಪಯೋಗವಾಗುತ್ತದೆ.

ಕೆಂಪಾದದ್ದೆಲ್ಲ ಸುಟ್ಟಗಾಯವೂ ಅಲ್ಲ. ಬಾಲ್ ಪೈಥಾನ್ ಪೊರೆ ಬಿಡುವ ಮುನ್ನ ಹೊಟ್ಟೆ ಉದ್ದಕ್ಕೂ ಒಂದೇ ಸಮನೆ ನಸುಗುಲಾಬಿಯಾಗುವುದು ಸಹಜ. ಜೊತೆಗೆ ಕಣ್ಣು ಮಸುಕಾಗುತ್ತದೆ, ಪೊರೆ ಕಳಚಿದ ಮೇಲೆ ಬಣ್ಣ ಮೊದಲಿನಂತಾಗುತ್ತದೆ. ಹಾಸು ಸದಾ ಒದ್ದೆಯಾಗಿದ್ದು ಕೊಳಕಾಗಿದ್ದರೆ ‘ಸ್ಕೇಲ್ ರಾಟ್’ ಎಂಬ ಚರ್ಮದ ಸೋಂಕು ತಗಲುತ್ತದೆ. ಅದರಲ್ಲಿ ಕಂದು ಕಲೆ, ಗುಳ್ಳೆ, ಹುಣ್ಣುಗಳು ಹೊಟ್ಟೆಯ ತುಂಬ ಚದುರಿರುತ್ತವೆ. ಹೊಟ್ಟೆಯ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಎದ್ದಿದ್ದು ಹಾವು ಮಂಕಾಗಿದ್ದರೆ ಸೋಂಕು ರಕ್ತಕ್ಕೆ ಇಳಿದಿರಬಹುದು. ಅದು ತುರ್ತುಸ್ಥಿತಿ. ಇಲಿ ಕಚ್ಚಿದ ಗಾಯ, ಶಿಲೀಂಧ್ರದ ಸೋಂಕುಗಳೂ ಕೆಲವೊಮ್ಮೆ ಸುಟ್ಟಗಾಯದಂತೆ ಕಾಣುತ್ತವೆ. ಸುಟ್ಟಗಾಯವನ್ನು ಬೇರ್ಪಡಿಸಿ ತೋರಿಸುವುದು ಅದರ ಜಾಗ. ಮ್ಯಾಟಿನಿಂದಾದದ್ದು ಹೊಟ್ಟೆಯ ಮೇಲೆ, ಹಾವು ಒತ್ತಿ ಮಲಗಿದಷ್ಟೇ ಜಾಗದಲ್ಲಿರುತ್ತದೆ. ಬಲ್ಬಿನಿಂದಾದದ್ದು ಬೆನ್ನು, ತಲೆ ಅಥವಾ ಬಲ್ಬಿಗೆ ಸುತ್ತಿಕೊಂಡ ಮಗ್ಗುಲಲ್ಲಿರುತ್ತದೆ. ಗಾಯದ ಜಾಗಕ್ಕೂ ಶಾಖದ ಸಾಧನಕ್ಕೂ ತಾಳೆ ಹಾಕಿ ನೋಡಿದರೆ ಬಹಳಷ್ಟು ಸಲ ಉತ್ತರ ಸಿಗುತ್ತದೆ. ಸಿಗದಿದ್ದರೆ ವೈದ್ಯರೇ ನೋಡಬೇಕು.

ಗಾಯ ಕಂಡ ಕೂಡಲೇ ಮಾಡಬೇಕಾದ ಮೊದಲ ಕೆಲಸ ಶಾಖದ ಸಾಧನವನ್ನು ಆರಿಸಿ ಹಾವನ್ನು ಅಲ್ಲಿಂದ ಎತ್ತುವುದು. ಈಗಷ್ಟೇ ಸುಟ್ಟಿದ್ದರೆ ಆ ಭಾಗದ ಮೇಲೆ ತಣ್ಣನೆಯ ನಲ್ಲಿ ನೀರನ್ನು ಸಣ್ಣಗೆ 10ರಿಂದ 20 ನಿಮಿಷ ಹರಿಸಬೇಕು, ಇಲ್ಲವೇ ನೀರಲ್ಲಿ ಅದ್ದಿದ ಶುಭ್ರವಾದ ಮೆತ್ತನೆ ಬಟ್ಟೆ ಇಡಬೇಕು. ಐಸ್ ಇಡಬಾರದು. ಅದು ಬೆಂದ ಚರ್ಮಕ್ಕೆ ಇನ್ನಷ್ಟು ಹಾನಿ ಮಾಡುತ್ತದೆ, ಹಾವಿನ ಇಡೀ ಮೈಯನ್ನೂ ತಣ್ಣಗಾಗಿಸಿಬಿಡುತ್ತದೆ. ಗಾಯ ಆಗಿ ಗಂಟೆಗಳು, ದಿನಗಳು ಕಳೆದಿದ್ದರೆ ತಂಪು ಮಾಡುವುದರಿಂದ ಪ್ರಯೋಜನವಿಲ್ಲ. ಆಗ ಸಲೈನ್ ದ್ರವದಿಂದ ಮೆಲ್ಲಗೆ ತೊಳೆಯಬೇಕು. ಬೆಟಡಿನ್ ಎಂಬ ಹೆಸರಿನಲ್ಲಿ ಪರಿಚಿತವಾದ ಪೊವಿಡೋನ್ ಅಯೋಡಿನನ್ನು ತೆಳು ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿಯೂ ಬಳಸಬಹುದು. ಬಳಿಕ ಹಳೆಯ ಹಾಸನ್ನೆಲ್ಲ ತೆಗೆದು, ಪೆಟ್ಟಿಗೆಗೆ ಬಿಳಿ ಟಿಶ್ಯೂ ಕಾಗದ ಹಾಸಬೇಕು. ತೊಗಟೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು ಗಾಯಕ್ಕೆ ಅಂಟುತ್ತವೆ. ಬಿಳಿ ಕಾಗದದ ಮೇಲಾದರೆ ರಕ್ತ, ಕೀವು, ದ್ರವದ ಕಲೆ ಕೂಡಲೇ ಕಾಣುತ್ತದೆ.

ಮನೆಮದ್ದಿನ ವಿಷಯದಲ್ಲಿ ಎಚ್ಚರ ಬೇಕು. ಸುಟ್ಟಗಾಯಕ್ಕೆ ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ, ಅರಿಸಿನ, ಟೂತ್‌ಪೇಸ್ಟ್ ಹಚ್ಚುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಹಾವಿನ ಗಾಯಕ್ಕೆ ಇವು ಯಾವುವೂ ಬೇಡ. ಜಿಡ್ಡು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ, ಪುಡಿ ಗಾಯದಲ್ಲಿ ಹೆಪ್ಪುಗಟ್ಟಿ ಕೊಳೆ ಸೇರಿಸುತ್ತದೆ, ಗಾಯದ ನಿಜವಾದ ಬಣ್ಣವೂ ಮುಚ್ಚಿಹೋಗುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬದುಕಿರುವ ಅಂಗಾಂಶವನ್ನೂ ಸುಡುತ್ತವೆ. ಮನುಷ್ಯರಿಗೆ ಮಾರುವ ಮುಲಾಮುಗಳಲ್ಲಿ ಮರಗಟ್ಟಿಸುವ ಔಷಧ ಸೇರಿರಬಹುದು. ಅಂಥವನ್ನು ವೈದ್ಯರನ್ನು ಕೇಳದೆ ಹಚ್ಚಬಾರದು. ಗುಳ್ಳೆಯನ್ನು ಒಡೆಯಬಾರದು, ಸಡಿಲವಾದ ಹುರುಪೆಯನ್ನು ಕೀಳಬಾರದು.

ಚರ್ಮ ಒಡೆಯದ, ಅಂಗೈಗಿಂತ ಚಿಕ್ಕದಾದ ನಸುಗೆಂಪು ಬಿಟ್ಟರೆ ಉಳಿದ ಎಲ್ಲ ಗಾಯಗಳನ್ನೂ ಸರೀಸೃಪಗಳಿಗೆ ಚಿಕಿತ್ಸೆ ಕೊಟ್ಟು ಅನುಭವವಿರುವ ಪಶುವೈದ್ಯರಿಗೆ ತೋರಿಸಲೇಬೇಕು. ಮರಿಹಾವಿನ ಮೈಯಲ್ಲಿ ಅಂಗೈಯಷ್ಟು ಜಾಗವೇ ಬಹಳವಾದ್ದರಿಂದ ಅದರ ಗಾಯ ಎಷ್ಟೇ ಸಣ್ಣದಿದ್ದರೂ ತೋರಿಸಬೇಕು. ಗುಳ್ಳೆ, ದ್ರವ, ಕಪ್ಪು, ದುರ್ವಾಸನೆ, ಗುಳಿಬಿದ್ದ ಕಣ್ಣು, ಹಿಡಿದೆತ್ತಿದರೆ ಹಾಗೇ ನಿಲ್ಲುವ ಚರ್ಮದ ಮಡಿಕೆ, ಬಾಯಿಯ ಅಂಟಂಟು ಜೊಲ್ಲು, ಮಂಕುತನ ಇವು ತಡಮಾಡಬಾರದೆಂಬ ಸೂಚನೆಗಳು. ನಾಯಿ, ಬೆಕ್ಕು ನೋಡುವ ಎಲ್ಲ ವೈದ್ಯರೂ ಹಾವನ್ನು ನೋಡುವುದಿಲ್ಲ. ಅಮೆರಿಕದಲ್ಲಿ ಸರೀಸೃಪ ಮತ್ತು ಉಭಯವಾಸಿ ಪಶುವೈದ್ಯರ ಸಂಘವೇ ಇದ್ದು, ಅದರ ಮೂಲಕ ಹತ್ತಿರದ ವೈದ್ಯರನ್ನು ಹುಡುಕಬಹುದು. ಹಾವನ್ನು ಶುಭ್ರವಾದ ಹತ್ತಿ ಚೀಲದಲ್ಲಿಟ್ಟು, ಚೀಲವನ್ನು ಗಾಳಿಯಾಡುವ ಥರ್ಮಕೋಲ್ ಡಬ್ಬಿಯಲ್ಲಿಟ್ಟು ಒಯ್ಯುವುದು ಒಳ್ಳೆಯದು. ಬಿಸಿನೀರಿನ ಬಾಟಲಿ ಮೈಗೆ ತಾಗುವಂತೆ ಇಟ್ಟರೆ ಅದೇ ಇನ್ನೊಂದು ಗಾಯಕ್ಕೆ ದಾರಿ.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ನೋಡುವುದು ಮೈಯ ನೀರಿನಂಶವನ್ನು. ಸುಟ್ಟ ಜಾಗದಿಂದ ದ್ರವ ಸೋರಿಹೋಗುತ್ತಿರುವುದರಿಂದ ದೊಡ್ಡ ಗಾಯಗಳಿಗೆ ದ್ರವ ತುಂಬುವುದು ಜೀವ ಉಳಿಸುವ ಕೆಲಸ. ನೋವಿಗೂ ಔಷಧ ಬೇಕು. ಹಾವು ಕೂಗುವುದಿಲ್ಲ, ಕುಂಟುವುದಿಲ್ಲ ಎಂದಮಾತ್ರಕ್ಕೆ ಅದಕ್ಕೆ ನೋವಿಲ್ಲವೆಂದಲ್ಲ. ಆದರೆ ನಾಯಿ, ಬೆಕ್ಕುಗಳಲ್ಲಿ ಕೆಲಸ ಮಾಡುವ ನೋವುನಿವಾರಕಗಳೆಲ್ಲ ಹಾವಿನಲ್ಲಿ ಅದೇ ರೀತಿ ಕೆಲಸ ಮಾಡುವುದಿಲ್ಲ. ನೀರಿನಂಶ ಕಡಿಮೆಯಿರುವಾಗ ಕೆಲವು ಔಷಧಗಳಿಂದ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಆಯ್ಕೆ ವೈದ್ಯರದೇ ಆಗಿರಬೇಕು. ಸತ್ತ ಚರ್ಮವನ್ನು ಅವರು ಹಂತಹಂತವಾಗಿ ಬಿಡಿಸುತ್ತಾರೆ. ಗಾಯದ ಮೇಲೆ ಸಾಮಾನ್ಯವಾಗಿ ಶೇ. 1ರ ಸಿಲ್ವರ್ ಸಲ್ಫಾಡಯಜೀನ್ ಕ್ರೀಮ್ ಬಳಸುತ್ತಾರೆ, ಬೇಕಿದ್ದರೆ ಪಟ್ಟಿ ಕಟ್ಟುತ್ತಾರೆ.

ಸುಟ್ಟಗಾಯದ ಹಾವನ್ನು ಕೊಲ್ಲುವುದು ಹೆಚ್ಚಾಗಿ ಆಮೇಲೆ ಬರುವ ಸೋಂಕು. ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಬೆಂದ ಚರ್ಮದಲ್ಲಿ ನೆಲೆಯೂರಿ ರಕ್ತಕ್ಕೆ ಇಳಿಯುತ್ತವೆ. ಗಾಯದ ದ್ರವವನ್ನು ಪ್ರಯೋಗಾಲಯಕ್ಕೆ ಕಳಿಸಿ ಯಾವ ಆ್ಯಂಟಿಬಯಾಟಿಕ್ ನಾಟುತ್ತದೆ ಎಂದು ನೋಡುವುದು ಸರಿಯಾದ ಕ್ರಮ. ಹಾವಿನ ಮೈಯಲ್ಲಿ ಔಷಧ ಬಹಳ ನಿಧಾನವಾಗಿ ಕರಗುತ್ತದೆ. ಮನುಷ್ಯರಿಗೆ ದಿನಕ್ಕೆ ಎರಡು ಮೂರು ಸಲ ಕೊಡುವ ಸೆಫ್ಟಾಜಿಡಿಮ್ ಎಂಬ ಚುಚ್ಚುಮದ್ದನ್ನು ಹಾವಿಗೆ ಸಾಮಾನ್ಯವಾಗಿ 72 ಗಂಟೆಗೊಮ್ಮೆ ಕೊಡುತ್ತಾರೆ. ಮೈಯ ಹಿಂಭಾಗದ ರಕ್ತ ಮೂತ್ರಪಿಂಡದ ಮೂಲಕ ಹಾದುಹೋಗುವ ಏರ್ಪಾಡು ಹಾವಿನಲ್ಲಿರುವುದರಿಂದ ಚುಚ್ಚುಮದ್ದನ್ನು ಮುಂಭಾಗದ ಸ್ನಾಯುವಿಗೆ ಕೊಡುವುದು ರೂಢಿ. ಅಂಗಡಿಯಿಂದ ತಂದ ಮಾತ್ರೆಯನ್ನು ಅಂದಾಜಿನ ಮೇಲೆ ಕೊಡುವುದು ಎಷ್ಟು ಅಪಾಯ ಎಂಬುದಕ್ಕೆ ಇಷ್ಟೇ ಸಾಕು.

ಮನೆಗೆ ಮರಳಿದ ಹಾವಿಗೆ ಬೇಕಾದದ್ದು ಶುಚಿ, ಒಣ ಹಾಸು, ಸರಿಯಾದ ಬಿಸಿ. ಗಾಯವಾಗಿದೆಯೆಂದು ಶಾಖವನ್ನೇ ಪೂರ್ತಿ ತೆಗೆದುಬಿಡುವುದು ಎರಡನೆಯ ತಪ್ಪು. ತಣ್ಣಗಾದ ಹಾವಿನಲ್ಲಿ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಗಾಯ ಮಾಯುವುದೂ ನಿಲ್ಲುತ್ತದೆ. 1988ರಲ್ಲಿ ಕೆನಡಾದಲ್ಲಿ ಪ್ರಕಟವಾದ ಗಾರ್ಟರ್ ಹಾವುಗಳ ಅಧ್ಯಯನದಲ್ಲಿ 30 ಡಿಗ್ರಿಯಲ್ಲಿಟ್ಟ ಹಾವುಗಳ ಚರ್ಮದ ಗಾಯ ಹೆಚ್ಚು ತಣ್ಣಗಿಟ್ಟವುಗಳ ಗಾಯಕ್ಕಿಂತ ಬೇಗ ಮಾಯಿತು. ಬಾಲ್ ಪೈಥಾನಿಗೆ ಬೆಚ್ಚನೆಯ ತುದಿ 31ರಿಂದ 33 ಡಿಗ್ರಿ, ತಣ್ಣನೆಯ ತುದಿ 25ರಿಂದ 27 ಡಿಗ್ರಿ ಇದ್ದರೆ ಸರಿ. ಕಾಗದವನ್ನು ದಿನವೂ, ಒದ್ದೆಯಾದರೆ ಕೂಡಲೇ ಬದಲಿಸಬೇಕು. ಕುಡಿಯುವ ನೀರು ಸದಾ ಇರಬೇಕು, ಬಟ್ಟಲು ಮಾತ್ರ ಹಾವು ಒಳಗಿಳಿದು ನೆನೆಯಲಾಗದಷ್ಟು ಚಿಕ್ಕದಿರಲಿ. ಔಷಧ ಹಚ್ಚುವ ಹೊತ್ತು ಬಿಟ್ಟು ಹಾವನ್ನು ಎತ್ತಬಾರದು. ಅಡಗಲು ಒಂದು ಗೂಡು ಇರಲೇಬೇಕು. ಅಡಗಲು ಜಾಗವಿಲ್ಲದ ಹಾವು ಸದಾ ದಿಗಿಲಿನಲ್ಲಿರುತ್ತದೆ.

ಆಹಾರದ ಅವಸರ ಬೇಡ. ಮೈಯ ನೀರಿನಂಶ ಸರಿಹೋದ ಮೇಲೆ, ವೈದ್ಯರು ಒಪ್ಪಿದ ಮೇಲೆ, ಎಂದಿಗಿಂತ ಚಿಕ್ಕದಾದ, ಮೊದಲೇ ಸತ್ತ ಇಲಿಯನ್ನು ಕೊಡಬೇಕು. ಜೀವಂತ ಇಲಿ ಗಾಯವನ್ನು ಕಚ್ಚಬಹುದು. ದೊಡ್ಡ ತುತ್ತು ಹೊಟ್ಟೆಯ ಚರ್ಮವನ್ನು ಹಿಗ್ಗಿಸಿ ಮಾಯುತ್ತಿರುವ ಗಾಯವನ್ನು ಮತ್ತೆ ಬಿರಿಯುವಂತೆ ಮಾಡುತ್ತದೆ. ಆರೋಗ್ಯವಂತ ಬಾಲ್ ಪೈಥಾನ್ ವಾರಗಟ್ಟಲೆ ಉಪವಾಸವಿರಬಲ್ಲದು. ಆದರೂ ಗಾಯದ ದಿನಗಳಲ್ಲಿ ತೂಕವನ್ನು ವಾರಕ್ಕೊಮ್ಮೆ ಬರೆದಿಡಬೇಕು.

ಮಾಯುವುದು ತಿಂಗಳುಗಳ ಮಾತು. ಸುಟ್ಟ ಹಾವು ಪದೇಪದೇ ಪೊರೆ ಬಿಡುತ್ತದೆ, ಒಂದೊಂದು ಪೊರೆಗೂ ಗಾಯ ಸ್ವಲ್ಪ ಸ್ವಲ್ಪ ಸುಧಾರಿಸುತ್ತದೆ. ಗಾಯದ ಮೇಲೆ ಪೊರೆ ಅಂಟಿಕೊಂಡು ನಿಂತರೆ ಕೈಯಿಂದ ಎಳೆಯಬಾರದು, ಅದರೊಂದಿಗೆ ಹೊಸ ಚರ್ಮವೂ ಕಿತ್ತುಬರುತ್ತದೆ. ಆಳವಾಗಿ ಸುಟ್ಟ ಕಡೆ ಹುರುಪೆಗಳು ಮೊದಲಿನಂತೆ ಮತ್ತೆ ಮೂಡುವುದಿಲ್ಲ, ನಯವಾದ ಅಥವಾ ಸುಕ್ಕುಗಟ್ಟಿದ ಕಲೆ ಉಳಿಯುತ್ತದೆ. ಹೊಟ್ಟೆಯ ಅಗಲವಾದ ಹುರುಪೆಗಳು ನೆಲವನ್ನು ಹಿಡಿದು ಸರಿಯಲು ಬೇಕಾದವು. ಅಲ್ಲಿ ದೊಡ್ಡ ಕಲೆ ಉಳಿದರೆ ಚಲನೆಗೂ ತೊಡಕು, ಮುಂದಿನ ಪೊರೆಗಳೂ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಬಾಲ್ ಪೈಥಾನಿನ ಆಯಸ್ಸು 20ರಿಂದ 30 ವರ್ಷ. ಒಂದು ರಾತ್ರಿಯ ಗಾಯದ ಗುರುತನ್ನು ಅದು ಅಷ್ಟೂ ವರ್ಷ ಹೊತ್ತಿರುತ್ತದೆ.

ಇಷ್ಟೆಲ್ಲ ಕಷ್ಟವನ್ನು ತಡೆಯುವ ಕ್ರಮಗಳು ಸರಳ. ಯಾವ ಶಾಖದ ಸಾಧನವನ್ನೂ ಥರ್ಮೋಸ್ಟಾಟ್ ಇಲ್ಲದೆ ಬಳಸಬಾರದು. ಕೈಯಿಂದ ತಿರುಗಿಸುವ ಡಿಮ್ಮರ್ ಥರ್ಮೋಸ್ಟಾಟ್ ಅಲ್ಲ. ಅದು ವಿದ್ಯುತ್ತನ್ನು ತಗ್ಗಿಸುತ್ತದೆ, ತಾಪವನ್ನು ಅಳೆಯುವುದಿಲ್ಲ. ಮ್ಯಾಟ್ ಪೆಟ್ಟಿಗೆಯ ಹೊರಗೇ ಇರಬೇಕು, ತಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜಾಗ ಆವರಿಸಬಾರದು, ಅದರಡಿ ಗಾಳಿಯಾಡಲು ಸಂದು ಬೇಕು. ಸೆನ್ಸರ್ ಮ್ಯಾಟಿಗೂ ಗಾಜಿಗೂ ನಡುವೆ, ಹಾವು ಜರುಗಿಸಲಾಗದಂತೆ ಭದ್ರವಾಗಿರಬೇಕು. ಬಲ್ಬು, ಸೆರಾಮಿಕ್ ಹೀಟರುಗಳಿಗೆ ಹಾವು ಸುತ್ತಿಕೊಂಡರೂ ಬಿಸಿ ತಾಗದಷ್ಟು ಅಗಲದ ತಂತಿ ಪಂಜರ ಬೇಕು. ಹಾಟ್ ರಾಕ್ ಮನೆಯಲ್ಲಿದ್ದರೆ ಅದನ್ನು ಬಿಸಾಡುವುದೇ ಸರಿ. ಗುರಿಯಿಟ್ಟು ತಾಪ ಅಳೆಯುವ ಇನ್‌ಫ್ರಾರೆಡ್ ತಾಪಮಾಪಕದಿಂದ ವಾರಕ್ಕೊಮ್ಮೆ ಹಾಸನ್ನು ಸರಿಸಿ ಬರಿಗಾಜಿನ ಬಿಸಿ ನೋಡಬೇಕು. ಕೋಣೆ ತಣ್ಣಗಾಗುವ ಕಾಲದಲ್ಲಿ ಮ್ಯಾಟಿನ ಬಿಸಿ ಏರಿಸುವ ಬದಲು ಕೋಣೆಯನ್ನೋ ಪೆಟ್ಟಿಗೆಯ ಗಾಳಿಯನ್ನೋ ಬೆಚ್ಚಗಿಡಬೇಕು.

ಕರ್ನಾಟಕದಲ್ಲಿರುವವರು ಕಾನೂನಿನ ಗೆರೆಯನ್ನೂ ಮರೆಯಬಾರದು. ನಾಗರಹಾವು, ಕೇರೆ, ಹೆಬ್ಬಾವು ಮುಂತಾದ ನಮ್ಮ ನೆಲದ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವನ್ನು ಮನೆಯಲ್ಲಿ ಸಾಕುವುದು ಅಪರಾಧ. ಕಾಳ್ಗಿಚ್ಚಿನಲ್ಲಿ, ಕಬ್ಬಿನ ತರಗಿಗೆ ಇಟ್ಟ ಬೆಂಕಿಯಲ್ಲಿ ಸುಟ್ಟ ಹಾವು ಸಿಕ್ಕರೆ ಮನೆಗೆ ತಂದು ಚಿಕಿತ್ಸೆ ಮಾಡದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಬಾಲ್ ಪೈಥಾನಿನಂಥ, ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಹಾವನ್ನು ಸಾಕುವವರು ಇದೇ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ನೋಂದಣಿ ಮಾಡಿಸಿರಬೇಕು. ನೋಂದಣಿ ಇಲ್ಲದವರು ದಂಡಕ್ಕೆ ಹೆದರಿ ಹಾವನ್ನು ವೈದ್ಯರ ಬಳಿಗೇ ಒಯ್ಯದಿದ್ದರೆ ಅದರ ಬೆಲೆ ತೆರುವುದು ಹಾವು.

ಹಾವಿನ ಸುಟ್ಟಗಾಯಕ್ಕೆ ಔಷಧವಿದೆ, ತಿಂಗಳುಗಟ್ಟಲೆ ತಾಳ್ಮೆಯಿದ್ದರೆ ಬಹಳಷ್ಟು ಹಾವುಗಳು ಬದುಕುತ್ತವೆ. ಆದರೆ ಈ ಗಾಯ ಆಗಲೇಬೇಕೆಂದಿಲ್ಲ. ಹಾವು ಸಾಕಿರುವ ಪ್ರತಿಯೊಬ್ಬರೂ ಇಂದು ರಾತ್ರಿ ದೀಪ ಆರಿಸುವ ಮುನ್ನ ಹಾಸನ್ನು ಸರಿಸಿ, ಹಾವು ಹೊಟ್ಟೆಯೂರುವ ಗಾಜಿನ ಬಿಸಿಯನ್ನು ಒಮ್ಮೆ ಅಳೆದು ನೋಡಬೇಕು. ಅಂಕಿ 33 ದಾಟಿದ್ದರೆ ಬೆಳಗಾಗುವವರೆಗೆ ಕಾಯದೆ ಆಗಲೇ ಸರಿಪಡಿಸಬೇಕು. ಈ ಪತ್ರದ ಕೋರಿಕೆ ಅದೊಂದೇ.